ಅಮ್ಮನಿಗೆ ಬ್ರ್ಯಾಡ್‌ಬರಿ, ರಾಯಚೂರಿನ ಗೆಳೆಯನಿಗೆ ಕ್ಲಾರ್ಕ್

ಪುನರ್ವಸು ಮಳೆ ಹಿಡಿದುಕೊಂಡು ಹನ್ನೊಂದು ದಿನವಾಗಿತ್ತು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಎರಡು ದಿನ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆಗಳು ಹೊಗೆ ವಾಸನೆ ಕುಡಿದು ಅರೆಬರೆ ಒಣಗಿದ್ದವು. ಅಡಕೆಗೆ ಕೊಳೆ ಬೀಳುವ ಮೊದಲು ಎರಡನೇ ಸಲ ಬೋರ್ಡೋ ಹೊಡೆಸಬೇಕು, ಒಂದೇ ಒಂದು ದಿನ ಹೊಳವಾದರೆ ಸಾಕು ಎಂದು ಅಮ್ಮ ಗಳಿಗೆಗೊಮ್ಮೆ ಅಂಗಳದ ಕಡೆ ನೋಡುತ್ತಿದ್ದಳು. ನಾನು ಜಗಲಿಯ ಕಿಟಕಿ ಪಕ್ಕ ಕೂತು ರೇ ಬ್ರ್ಯಾಡ್‌ಬರಿಯ ಒಂದು ಸಣ್ಣ ಕಥೆ ಓದುತ್ತಿದ್ದೆ.

‘ಅದೇನು ಅಷ್ಟು ಹೊತ್ತಿಂದ? ನಂಗೂ ಹೇಳು ಮಾರಾಯ’ ಎಂದಳು.

ಕಥೆಯ ಹೆಸರು ‘ಆಲ್ ಸಮ್ಮರ್ ಇನ್ ಎ ಡೇ’. ಬಂದದ್ದು 1954ರಲ್ಲಿ. ನಾನು ಓದುತ್ತ ಓದುತ್ತ ಕನ್ನಡ ಮಾಡಿ ಹೇಳಿದೆ. ಶುಕ್ರಗ್ರಹದಲ್ಲಿ ಮನುಷ್ಯರು ಹೋಗಿ ನೆಲೆಸಿದ್ದಾರೆ. ಅಲ್ಲಿ ಏಳು ವರ್ಷದಿಂದ ಬಿಡದೆ ಮಳೆ. ಏಳು ವರ್ಷಕ್ಕೊಮ್ಮೆ ಮಾತ್ರ ತುಸು ಹೊತ್ತು ಸೂರ್ಯ ಕಾಣುತ್ತಾನೆ. ಆ ಶಾಲೆಯ ಒಂಬತ್ತು ವರ್ಷದ ಮಕ್ಕಳಿಗೆ ಬಿಸಿಲೆಂದರೆ ಏನೆಂದೇ ನೆನಪಿಲ್ಲ. ಭೂಮಿಯಿಂದ ತಡವಾಗಿ ಬಂದ ಮಾರ್ಗೊ ಎಂಬ ಹುಡುಗಿಗೆ ಮಾತ್ರ ನೆನಪಿದೆ. ಆ ನೆನಪೇ ಉಳಿದವರಿಗೆ ಹೊಟ್ಟೆಕಿಚ್ಚು. ಸೂರ್ಯ ಬರುವ ದಿನ, ಟೀಚರು ಇಲ್ಲದ ಹೊತ್ತಿನಲ್ಲಿ, ಅವಳನ್ನು ಹಿಡಿದು ಒಂದು ಕತ್ತಲೆ ಕೋಣೆಯೊಳಗೆ ಕೂಡಿಹಾಕುತ್ತಾರೆ. ಮಳೆ ನಿಲ್ಲುತ್ತದೆ. ಎಲ್ಲರೂ ಬಿಸಿಲಿಗೆ ಓಡುತ್ತಾರೆ.

ಅಮ್ಮ ಕೈಯಲ್ಲಿದ್ದ ಹಲಸಿನ ಹಪ್ಪಳ ಪಕ್ಕಕ್ಕಿಟ್ಟಳು. ‘ಅಲ್ವೋ, ಆ ಹುಡುಗಿ? ಆ ಹುಡುಗಿಯ ನೆನಪೇ ಆಗ್ಲಿಲ್ವಾ ಅವಕ್ಕೆ?’

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನನ್ನ ಅಮ್ಮ. ಗ್ರಹಣ, ಪಂಚಾಂಗ, ಹೊಸಮನೆಯ ಗೃಹಪ್ರವೇಶ ಬಿಟ್ಟರೆ ಗ್ರಹಗಳ ಸುದ್ದಿಗೆ ಹೋದವಳಲ್ಲ. ಆ ಕಥೆ ಅವಳಿಗೆ ಇಷ್ಟು ಬೇಗ ತಟ್ಟಿದ್ದೇಕೆಂದು ಬಹಳ ದಿನ ಯೋಚಿಸಿದ್ದೇನೆ. ಉತ್ತರ ಸರಳ. ಮಳೆಯಲ್ಲಿ ಕೂತು ಬಿಸಿಲಿಗೆ ಕಾಯುವುದು ಏನೆಂದು ಅವಳಿಗೆ ಬ್ರ್ಯಾಡ್‌ಬರಿಗಿಂತ ಚೆನ್ನಾಗಿ ಗೊತ್ತಿತ್ತು. ಶುಕ್ರಗ್ರಹ ಅವಳ ಅಂಗಳದಿಂದಲೇ ಶುರುವಾಯಿತು.

ಆ ಕಥೆ ಬರೆದಾಗ ಶುಕ್ರನ ಮೋಡದ ಕೆಳಗೆ ಏನಿದೆಯೆಂದು ಯಾರಿಗೂ ಖಚಿತವಿರಲಿಲ್ಲ. ನೀರೇ ಇರಬಹುದೆಂದು ನಂಬಿದವರಿದ್ದರು. ಮುಂದೆ ನೌಕೆಗಳು ಹೋಗಿ ನೋಡಿದರೆ ಅಲ್ಲಿನ ನೆಲದ ಬಿಸಿ ಸುಮಾರು 460 ಡಿಗ್ರಿ ಸೆಲ್ಸಿಯಸ್, ಸೀಸ ಕರಗಿ ಹರಿಯುವಷ್ಟು. ಮಳೆಯ ಮಾತೇ ಇಲ್ಲ. ಕಥೆಯ ವಿಜ್ಞಾನ ಪೂರ್ತಿ ಸುಳ್ಳಾಯಿತು. ಮಾರ್ಗೊ ಸುಳ್ಳಾಗಲಿಲ್ಲ.

ವಿಜ್ಞಾನ ಕಥೆ ಓದುವವನೆಂದು ಗೊತ್ತಾದ ಮೇಲೆ ಗೆಳೆಯರು ಒಂದೇ ಪ್ರಶ್ನೆ ಕೇಳುತ್ತಾರೆ: ‘ಒಳ್ಳೇ ಹತ್ತು ಜನ ಲೇಖಕರ ಹೆಸರು ಹೇಳು.’ ಮೊದಮೊದಲು ಹೇಳುತ್ತಿದ್ದೆ. ಪಟ್ಟಿ ತೆಗೆದುಕೊಂಡು ಹೋದವರು ಮೊದಲ ದಪ್ಪ ಪುಸ್ತಕದ ನಲವತ್ತನೇ ಪುಟದಲ್ಲಿ ಸಿಕ್ಕಿಕೊಂಡು, ‘ಇದು ನಮಗಲ್ಲ ಬಿಡಿ, ಸೈನ್ಸ್ ಓದಿದವರಿಗೆ’ ಎಂದು ವಾಪಸು ತಂದುಕೊಡುತ್ತಿದ್ದರು. ಈಗ ನಾನು ತಿರುಗಿ ಕೇಳುತ್ತೇನೆ: ನೀವು ಈವರೆಗೆ ಓದಿದ್ದರಲ್ಲಿ ಮನಸ್ಸಿನಿಂದ ಹೋಗದೆ ಉಳಿದದ್ದು ಯಾವುದು? ನಿಮ್ಮ ಊರು ಯಾವುದು? ಉತ್ತರ ನೋಡಿಕೊಂಡು ಒಂದು ಪುಸ್ತಕ, ಇಲ್ಲವೇ ಒಂದು ಕಥೆ ಕೊಡುತ್ತೇನೆ. ಲೇಖಕನ ದೊಡ್ಡಸ್ತಿಕೆಗಿಂತ ಓದುವವರ ಬದುಕು ಮುಖ್ಯ.

ಬ್ಯಾಂಕಿನ ನೌಕರಿಯಲ್ಲಿ ವರ್ಗವಾಗಿ ರಾಯಚೂರಿಗೆ ಹೋದಾಗ ಹಿರಿಯ ಸಹೋದ್ಯೋಗಿಯೊಬ್ಬರು ಸಿಕ್ಕಿದರು. ಅವರ ಹಳ್ಳಿಗೆ 1975ರಲ್ಲೇ ಟಿವಿ ಬಂದಿತ್ತಂತೆ. ಬೆಂಗಳೂರಿಗೇ ಟಿವಿ ಇಲ್ಲದ ಕಾಲ ಅದು. ‘ಸಾಲಿ ಮುಂದ ಕೋಳಿ ಜಾಳಗಿ ಥರದ ತಂತಿ ಬಲಿ ಛತ್ರಿ ನಿಲ್ಸಿದ್ರು ರೀ, ಆಕಾಶದಾಗಿಂದ ಚಿತ್ರ ಬರ್ತದ ಅಂದ್ರ ಯಾರೂ ನಂಬಲಿಲ್ಲ’ ಎಂದು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಹೇಳಿದರು. ಅದು ‘ಸೈಟ್’ ಯೋಜನೆ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಮುಟ್ಟಿಸಿದ ಪ್ರಯೋಗ. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, ಹತ್ತಡಿ ಅಗಲದ ಡಿಶ್ಶೇ ಆ ಛತ್ರಿ.

ಅವತ್ತು ಸಂಜೆ ಅವರಿಗೆ ಆರ್ಥರ್ ಸಿ. ಕ್ಲಾರ್ಕ್ ವಿಷಯ ಹೇಳಿದೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಿದ ಉಪಗ್ರಹ ಭೂಮಿಯ ಜೊತೆಗೇ ಸುತ್ತುವುದರಿಂದ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ, ಅಂಥವು ಮೂರಿದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ಸುದ್ದಿ ಮುಟ್ಟಿಸಬಹುದು ಎಂದು ಅವರು ಬರೆದದ್ದು 1945ರ ಅಕ್ಟೋಬರ್‌ನಲ್ಲಿ, ‘ವೈರ್‌ಲೆಸ್ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ. ಆಗ ಆಕಾಶದಲ್ಲಿ ಒಂದೂ ಉಪಗ್ರಹ ಇರಲಿಲ್ಲ. 1956ರಲ್ಲಿ ಶ್ರೀಲಂಕಾಕ್ಕೆ ಬಂದ ಕ್ಲಾರ್ಕ್ 2008ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಸೈಟ್ ನಡೆಯುವಾಗ ಇಸ್ರೋ ಎಂಜಿನಿಯರುಗಳು ಕೊಲಂಬೊದ ಅವರ ಮನೆಗೇ ಹೋಗಿ ಒಂದು ಡಿಶ್ ಕೂರಿಸಿಕೊಟ್ಟಿದ್ದರು. ನಮ್ಮ ಸಹೋದ್ಯೋಗಿ ಹುಡುಗನಾಗಿ ಶಾಲೆಯ ಅಂಗಳದಲ್ಲಿ ನೋಡಿದ ಅದೇ ಉಪಗ್ರಹದ ಚಿತ್ರಗಳನ್ನು, ಅಂಥ ಉಪಗ್ರಹದ ಕನಸು ಕಂಡಿದ್ದ ಲೇಖಕ ಸಮುದ್ರದಾಚೆ ತನ್ನ ಮನೆಯಲ್ಲಿ ಕೂತು ನೋಡುತ್ತಿದ್ದ. ‘ಹಂಗಾದ್ರ ಅವ್ರು ಬರ್ದಿದ್ದು ಓದಲೇಬೇಕು ಬಿಡ್ರಿ’ ಎಂದರು ಅವರು.

ಅವರಿಗೆ ಕೊಟ್ಟದ್ದು ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’, 1979ರ ಕಾದಂಬರಿ. ಭೂಮಿಯಿಂದ ಆ ಎತ್ತರದ ಕಕ್ಷೆಯವರೆಗೆ ಒಂದು ಲಿಫ್ಟ್ ಕಟ್ಟುವ ಎಂಜಿನಿಯರನ ಕಥೆ. ಕಟ್ಟಲು ತಕ್ಕ ಜಾಗ ಇಡೀ ಭೂಮಿಯಲ್ಲಿ ಒಂದೇ ಬೆಟ್ಟದ ತುದಿ, ಆ ತುದಿಯಲ್ಲಿ ಒಂದು ಪುರಾತನ ಬೌದ್ಧ ವಿಹಾರ. ಯೋಜನೆಗೆ ಜಾಗ ಬಿಡಿ ಎಂದಾಗ ಬಿಡಲೊಲ್ಲದವರು ಯಾರು, ಅವರ ಹಕ್ಕೇನು? ಇದು ನಮ್ಮ ಅಣೆಕಟ್ಟುಗಳ, ಗಣಿಗಳ ಕಾಲದಿಂದಲೂ ನಾವು ಕೇಳಿದ ಪ್ರಶ್ನೆಯೇ. ಕ್ಲಾರ್ಕ್ ಇಬ್ಬರ ಪರವಾಗಿಯೂ ಗೌರವದಿಂದ ಬರೆಯುತ್ತಾರೆ. ಇನ್ನು, ಬೆಳಿಗ್ಗೆ ಸಹಸ್ರನಾಮ ಹೇಳದೆ ಕಾಫಿ ಮುಟ್ಟದವರು ನಿಮ್ಮ ಮನೆಯಲ್ಲಿದ್ದರೆ ‘ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ ಕೊಡಿ. ದೇವರ ಎಲ್ಲ ಹೆಸರುಗಳನ್ನೂ ಬರೆದು ಮುಗಿಸಲು ಟಿಬೆಟ್ಟಿನ ಲಾಮಾಗಳು ಕಂಪ್ಯೂಟರ್ ಬಾಡಿಗೆಗೆ ತರಿಸಿಕೊಳ್ಳುವ ಕಥೆ, ಕೆಲವೇ ಪುಟ. ಕೊನೆಯ ಸಾಲು ಓದಿ ನಾನು ಎದ್ದು ಹೊರಗೆ ಹೋಗಿ ಆಕಾಶ ನೋಡಿಬಂದಿದ್ದೆ.

ಅದೇ ರಾಯಚೂರಿನವರು 1980ರ ಫೆಬ್ರುವರಿ 16ರ ಖಗ್ರಾಸ ಗ್ರಹಣದ ದಿನವನ್ನೂ ಹೇಳುತ್ತಿದ್ದರು. ಮಟಮಟ ಮಧ್ಯಾಹ್ನ ದಾಟುತ್ತಿದ್ದಂತೆ ಬೀದಿಗಳು ಖಾಲಿ, ಬಾಗಿಲು ಕಿಟಕಿ ಭದ್ರ, ಹಕ್ಕಿಗಳು ಗೂಡಿಗೆ. ಆ ಭಯ ಕಂಡವರಿಗೆ ಐಸಾಕ್ ಅಸಿಮೋವ್‌ನ ‘ನೈಟ್‌ಫಾಲ್’. ಆರು ಸೂರ್ಯರಿರುವ ಲೋಕದಲ್ಲಿ 2,049 ವರ್ಷಕ್ಕೊಮ್ಮೆ ಮಾತ್ರ ರಾತ್ರಿಯಾಗುತ್ತದೆ, ಆ ರಾತ್ರಿಯಲ್ಲಿ ಜನ ಏನಾಗುತ್ತಾರೆ ಎಂಬ ಕಥೆ. ಅದು ಪ್ರಕಟವಾದ 1941ರಲ್ಲಿ ಅಸಿಮೋವ್‌ಗೆ ಇಪ್ಪತ್ತೊಂದು ವಯಸ್ಸು. ಅವರ ‘ಫೌಂಡೇಶನ್’ ಹೆಸರುವಾಸಿ, ಆದರೆ ನಾನು ಹೊಸಬರಿಗೆ ಅದನ್ನು ಕೊಡುವುದಿಲ್ಲ. ಅದರಲ್ಲಿ ವಿಚಾರಗಳು ನಡೆದಾಡುತ್ತವೆ, ಮನುಷ್ಯರು ಅಷ್ಟಾಗಿ ಇಲ್ಲ.

ಆಕ್ಟೇವಿಯಾ ಬಟ್ಲರ್ ವಿಷಯಕ್ಕೆ ಬಂದರೆ ನನಗೆ ಮಾತು ಸಾಲದು. 1947ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ಅಪ್ಪ ಬೇಗ ತೀರಿಕೊಂಡ, ಅಮ್ಮ ಬಿಳಿಯರ ಮನೆಗೆಲಸ ಮಾಡಿ ಸಾಕಿದಳು. ಯಜಮಾನರ ಮನೆಗೆ ಅಮ್ಮ ಹಿತ್ತಿಲ ಬಾಗಿಲಿನಿಂದ ಹೋಗಬೇಕಾಗಿತ್ತು. ಎದುರಿಗೇ ಆಡಿದ ಹೀನ ಮಾತನ್ನು ಕೇಳಿಸದವಳಂತೆ ನುಂಗಿಕೊಳ್ಳಬೇಕಾಗಿತ್ತು. ಪಕ್ಕದಲ್ಲಿ ನಿಂತ ಮಗಳು ಅದನ್ನೆಲ್ಲ ನೋಡಿದಳು. ಮುಂದೆ ಕಾಲೇಜಿನಲ್ಲಿ ಹುಡುಗನೊಬ್ಬ, ಹಿಂದಿನ ತಲೆಮಾರಿನವರು ತಗ್ಗಿಬಗ್ಗಿ ನಡೆದು ನಮ್ಮನ್ನು ಹಾಳುಮಾಡಿದರು ಎಂದು ಸಿಟ್ಟಿನಿಂದ ಮಾತಾಡಿದ. ಆ ಮಾತು ಬಟ್ಲರ್‌ರನ್ನು ಬಿಡದೆ ಕಾಡಿತು. ಬಗ್ಗಿ ನಡೆದು ಬದುಕಿ ಉಳಿದು ನಮ್ಮನ್ನು ಉಳಿಸಿದವರ ಒಳಗೆ ಏನಿತ್ತು? ಇದನ್ನು ತಿಳಿಯಲು ಅವರು ‘ಕಿಂಡ್ರೆಡ್’ ಬರೆದರು, 1979ರಲ್ಲಿ.

1976ರ ಲಾಸ್ ಏಂಜಲೀಸ್ ಬಳಿಯ ಮನೆಯಲ್ಲಿ ಪುಸ್ತಕ ಜೋಡಿಸುತ್ತಿದ್ದ ಡೇನಾ ಎಂಬ ಕಪ್ಪು ಲೇಖಕಿ ತಲೆಸುತ್ತಿ ಬೀಳುತ್ತಾಳೆ. ಕಣ್ಣು ಬಿಟ್ಟರೆ ಒಂದೂವರೆ ಶತಮಾನಕ್ಕೂ ಹಿಂದಿನ ಮೇರಿಲ್ಯಾಂಡಿನ ನದಿಯ ದಡ, ನೀರಲ್ಲಿ ಮುಳುಗುತ್ತಿರುವ ಬಿಳಿಯ ಹುಡುಗ. ಗುಲಾಮರನ್ನು ಇಟ್ಟುಕೊಂಡವನ ಮಗ ಅವನು, ಡೇನಾಳ ಮುತ್ತಜ್ಜಂದಿರಲ್ಲಿ ಒಬ್ಬ. ಅವನು ಸತ್ತರೆ ಅವಳ ವಂಶವೇ ಇಲ್ಲ, ಬದುಕಿದರೆ ಅವಳ ಜನರ ಬೆನ್ನ ಮೇಲೆ ಚಾಟಿ. ಮತ್ತೆ ಮತ್ತೆ ಅವಳು ಅಲ್ಲಿಗೆ ಎಳೆಯಲ್ಪಡುತ್ತಾಳೆ. ಕಾಲಯಾನಕ್ಕೆ ಯಂತ್ರವೂ ಇಲ್ಲ, ವಿವರಣೆಯೂ ಇಲ್ಲ. ಅಲ್ಲಿಂದ ಬರುವಾಗ ಅವಳ ಒಂದು ತೋಳು ಹೋಗಿರುತ್ತದೆ, ಇದನ್ನು ಬಟ್ಲರ್ ಮೊದಲ ಪುಟದಲ್ಲೇ ಹೇಳಿಬಿಡುತ್ತಾರೆ. ಆ ಕಾಲದಿಂದ ಇಡಿಯಾಗಿ ಮರಳಿ ಬಂದವರು ಯಾರೂ ಇಲ್ಲ ಎಂಬುದೇ ಅದರ ಅರ್ಥವೆಂದು ನಾನು ತಿಳಿದಿದ್ದೇನೆ.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ನೇಗಿಲಿಗೆ ಎತ್ತುಗಳ ಜಾಗದಲ್ಲಿ ಹೆಗಲು ಕೊಟ್ಟ ಅಪ್ಪನನ್ನು ಮಗು ನೋಡುವ ಪ್ರಸಂಗ ಬರುತ್ತದೆ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟು ಕೂತವರು ನೀವಾದರೆ, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ನಿಮ್ಮ ಕಪಾಟಿನಲ್ಲಿದ್ದರೆ, ವಿಜ್ಞಾನ ಕಥೆಗೆ ನಿಮ್ಮ ಬಾಗಿಲು ಬಟ್ಲರ್. ಮೈಗಳ್ಳತನಕ್ಕೆ ಎಡೆಯಿಲ್ಲದ ಬರವಣಿಗೆ ಅದು. ಪಾತ್ರೆ ತೊಳೆಯುವ, ಆಲೂಗಡ್ಡೆ ಚಿಪ್ಸ್ ಆರಿಸುವ ಕೆಲಸಗಳಿಗೆ ಹೋಗುವ ಮೊದಲು, ಬೆಳಗಿನ ಜಾವ ಎರಡಕ್ಕೆ ಎದ್ದು ಅವರು ಬರೆಯುತ್ತಿದ್ದರು. 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿದಾಗ ಅದನ್ನು ಪಡೆದ ಮೊದಲ ವಿಜ್ಞಾನ ಕಥೆಗಾರರಾದರು. 58ನೇ ವಯಸ್ಸಿಗೇ ಹೋಗಿಬಿಟ್ಟರು.

ಅರ್ಸುಲಾ ಲೆ ಗ್ವಿನ್ ಮಾನವಶಾಸ್ತ್ರಜ್ಞನ ಮಗಳು. ಹೊಸ ಲೋಕ ಕಟ್ಟುವಾಗ ಅಲ್ಲಿನ ಮದುವೆ, ಊಟ, ಬೈಗುಳ, ಮೌನ ಎಲ್ಲವನ್ನೂ ಕಟ್ಟುತ್ತಾರೆ. ಮಲೆನಾಡಿನವರಿಗೆ ಅವರ ‘ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ ಓದಲು ಹೇಳುತ್ತೇನೆ. ಲೋಕಕ್ಕೂ ಕಾಡಿಗೂ ಒಂದೇ ಶಬ್ದ ಇರುವ ಜನ ಅಲ್ಲಿದ್ದಾರೆ. ಅವರ ನಡುವೆ ಭೂಮಿಯವರು ಮರ ಕಡಿಯಲು ಬಂದಿಳಿದಿದ್ದಾರೆ. ಹತ್ತೇ ನಿಮಿಷ ಇದೆ ಎನ್ನುವವರಿಗೆ ‘ದಿ ಒನ್ಸ್ ಹೂ ವಾಕ್ ಅವೇ ಫ್ರಮ್ ಒಮೆಲಾಸ್’: ಒಂದು ಇಡೀ ನಗರದ ಸುಖ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ನರಳಿಕೆಯ ಮೇಲೆ ನಿಂತಿರುವ ಕಥೆ. ಅಮ್ಮನಿಗೆ ಅದನ್ನೂ ಹೇಳಿದ್ದೆ. ‘ಮತ್ತೆ ಕತ್ತಲೆ ಕೋಣೆ, ಮತ್ತೆ ಮಗು’ ಎಂದಳು. ಎರಡು ಕಥೆಗಳ ಈ ನಂಟು ಅವಳು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಟೆಡ್ ಚಿಯಾಂಗ್ ಬಹಳ ಕಡಿಮೆ ಬರೆದವರು, ಎರಡೇ ಕಥಾಸಂಕಲನ. ಭಾಷೆಯ ಹುಚ್ಚಿರುವವರಿಗೆ, ವ್ಯಾಕರಣದ ಮೇಷ್ಟ್ರುಗಳಿಗೆ, ಅನುವಾದಕರಿಗೆ ಅವರ ‘ಸ್ಟೋರಿ ಆಫ್ ಯುವರ್ ಲೈಫ್’ ಕೊಡುತ್ತೇನೆ. 1998ರ ಕಥೆ, 2016ರಲ್ಲಿ ‘ಅರೈವಲ್’ ಎಂಬ ಸಿನಿಮಾ ಆಯಿತು. ಅನ್ಯಲೋಕದವರ ಲಿಪಿ ಕಲಿಯುತ್ತ ಹೋದ ಭಾಷಾವಿಜ್ಞಾನಿಗೆ ನಡೆದದ್ದು, ನಡೆಯಲಿರುವುದು ಎರಡೂ ಒಟ್ಟಿಗೇ ಕಾಣತೊಡಗುತ್ತದೆ. ಇನ್ನೂ ಹುಟ್ಟದ ಮಗಳಿಗೆ ಅವಳು ಮಗಳದೇ ಇಡೀ ಬದುಕನ್ನು ಹೇಳುತ್ತಾಳೆ, ನೆನಪಿಸಿಕೊಳ್ಳುವ ದನಿಯಲ್ಲಿ, ಆದರೆ ಭವಿಷ್ಯತ್ಕಾಲದಲ್ಲಿ.

ಅದನ್ನು ಕನ್ನಡಕ್ಕೆ ತರಲು ಕೂತಾಗ ಮೊದಲ ಪುಟದಲ್ಲೇ ನಿಂತೆ. ನಮ್ಮ ಆಡುಮಾತಿನಲ್ಲಿ ಭವಿಷ್ಯಕ್ಕೆ ಬೇರೆ ರೂಪವೇ ಇಲ್ಲ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ಒಂದೇ ಕ್ರಿಯಾಪದ. ‘ನೀನು ನಗ್ತೀಯ’ ಎಂದು ಬರೆದರೆ ಮಗು ಎದುರಿಗೇ ನಗುತ್ತಿದೆ. ‘ನೀನು ನಗುವೆ’ ಎಂದು ಗ್ರಂಥದ ಭಾಷೆಯಲ್ಲಿ ಬರೆದರೆ ತಾಯಿಯ ಮಾತು ಹೋಗಿ ಕೊಡೇಕಲ್ ಬಸವಣ್ಣನ ಕಾಲಜ್ಞಾನದ ದನಿ ಬರುತ್ತದೆ. ಒಂದು ವಾರ ಒದ್ದಾಡಿದ ಮೇಲೆ ಆಡುಮಾತೇ ಸರಿ ಎನ್ನಿಸಿತು. ಈಗ, ನಾಳೆ ಎರಡೂ ಒಂದೇ ಶಬ್ದದಲ್ಲಿ ಇರುವುದು ಆ ತಾಯಿಗೆ ಕಂಡ ಹಾಗೆಯೇ ಅಲ್ಲವೇ? ನಮ್ಮ ಭಾಷೆಯೊಳಗೆ ಇಂಥದೊಂದು ಗುಟ್ಟು ಇದೆಯೆಂದು ನನಗೆ ತೋರಿಸಿಕೊಟ್ಟದ್ದು ಒಂದು ವಿಜ್ಞಾನ ಕಥೆ.

ಲಿಯೂ ಸಿಶಿನ್ ಚೀನಾದವರು, ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. ‘ದಿ ಥ್ರೀ-ಬಾಡಿ ಪ್ರಾಬ್ಲಮ್’ನಲ್ಲಿ ಬರುವ ಸಾಂಸ್ಕೃತಿಕ ಕ್ರಾಂತಿಯ ಪುಟಗಳಿಗಾಗಿ ಓದಬೇಕು. ಭೌತಶಾಸ್ತ್ರದ ರುಚಿ ಹತ್ತಿದವರಿಗೆ ಉಳಿದದ್ದೂ ಹಬ್ಬ, ಹತ್ತದವರಿಗೆ ಕಷ್ಟ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್‌ರ ‘ಸೊಲಾರಿಸ್’ ಅನ್ನು ಮೂರ್ನಾಲ್ಕು ಕಥೆ ಅರಗಿಸಿಕೊಂಡ ಮೇಲೆ ಕೈಗೆತ್ತಿಕೊಳ್ಳಿ.

ನಮ್ಮ ನೆರೆಯ ಭಾಷೆಗಳವರನ್ನು ನಾವು ಓದುವುದು ಕಡಿಮೆ, ಇದು ನನ್ನ ಹಳೇ ಕೊರಗು. ಜಯಂತ ನಾರ್ಳೀಕರ್ ಕೊಲ್ಹಾಪುರದಲ್ಲಿ ಹುಟ್ಟಿದವರು, ಫ್ರೆಡ್ ಹಾಯ್ಲ್ ಜೊತೆ ಗುರುತ್ವದ ಸಿದ್ಧಾಂತ ಮಂಡಿಸಿದ ಖಗೋಳ ವಿಜ್ಞಾನಿ. ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ಕೃಷ್ಣವಿವರ’ ಎಂಬ ಕಥೆ ಕಳಿಸುವಾಗ, ತಮ್ಮ ಹೆಸರು ನೋಡಿ ಬಹುಮಾನ ಕೊಟ್ಟಾರು ಎಂದು ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಿಟ್ಟುಕೊಂಡರು. ತಮ್ಮದೇ ಮೊದಲಕ್ಷರಗಳ ತಿರುವುಮುರುವು ಅದು. ಬಹುಮಾನ ಬಂತು. ಎಡಕ್ಕಿರುವ ಸೊಂಡಿಲು ಬಲಕ್ಕಾದ ಗಣಪತಿಯ ಕಥೆಯೊಂದನ್ನು ಅವರು ಬರೆದಿದ್ದಾರೆ. ಬಲಮುರಿ ಗಣಪತಿಯ ಮಹಿಮೆ ಗೊತ್ತಿರುವ ನಮಗೆ ಅದು ಎಷ್ಟು ಹತ್ತಿರ! ಹಿಂದಿರುವ ಗಣಿತವನ್ನು ಮನೆಯಲ್ಲೇ ನೋಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಉದ್ದನೆ ಪಟ್ಟಿ ಕತ್ತರಿಸಿ, ಅರ್ಧ ಸುತ್ತು ತಿರುಚಿ, ತುದಿಗೆ ತುದಿ ಅಂಟಿಸಿ. ಅದೇ ಮೋಬಿಯಸ್ ಪಟ್ಟಿ. ಸ್ಕೆಚ್ ಪೆನ್ನಿನಿಂದ ಅದರ ಮೇಲೊಂದು ಬಲಗೈ ಬರೆಯಿರಿ. ಅದೇ ಕೈಯನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಬರೆಯುತ್ತ ಒಂದು ಸುತ್ತು ಬಂದರೆ, ಹೊರಟ ಜಾಗದಲ್ಲಿ ಎಡಗೈ ಆಗಿ ನಿಂತಿರುತ್ತದೆ. ತಂಗಿಯ ಮಗ ಇದನ್ನು ಮಾಡಿ ನೋಡಿ, ಆಮೇಲೆ ಕಥೆಯನ್ನು ಒಂದೇ ಗುಕ್ಕಿಗೆ ಓದಿದ. ನಾರ್ಳೀಕರ್ 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ತೀರಿಕೊಂಡರು.

ತಮಿಳಿನ ಸುಜಾತಾ ಅಂದರೆ ಎಸ್. ರಂಗರಾಜನ್ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಮತಯಂತ್ರದ ವಿನ್ಯಾಸದಲ್ಲಿ ಕೈಜೋಡಿಸಿದವರು. ಅವರ ‘ಎನ್ ಇನಿಯ ಇಯಂದಿರಾ’ದ ಜೀನೋ ಎಂಬ ಯಂತ್ರನಾಯಿ ತಮಿಳರ ಮನೆಮಾತು. ಐಟಿ ಕಂಪನಿಯಲ್ಲಿ ಅಪ್ರೈಸಲ್ ತಿಂಗಳ ತಳಮಳ ಅನುಭವಿಸಿದ ಹುಡುಗ ಹುಡುಗಿಯರಿಗೆ ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ಅನಲಾಗ್/ವರ್ಚುವಲ್’ ಇದೆ, 2020ರದು. ಬೆಂಗಳೂರು ‘ಏಪೆಕ್ಸ್ ಸಿಟಿ’ ಆಗಿ, ಅಲ್ಲಿ ಪ್ರತಿಯೊಬ್ಬರನ್ನೂ ಬೆಲ್ ಕರ್ವ್ ಮೇಲೆ ನಿಲ್ಲಿಸಿ, ಕೆಳಗಿನವರನ್ನು ಊರಾಚೆ ತಳ್ಳುವ ಕಥೆಗಳು.

ಕನ್ನಡದಲ್ಲಿ ಯಾರು ಎಂದು ಕೇಳುವವರಿಗೆ ರಾಜಶೇಖರ ಭೂಸನೂರಮಠರನ್ನು ಮೊದಲು ಹೇಳುತ್ತೇನೆ. 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಬಾಳ ಫೋಂಡ್ಕೆ ಸಂಪಾದಿಸಿದ ಭಾರತೀಯ ವಿಜ್ಞಾನ ಕಥೆಗಳ ‘ಇಟ್ ಹ್ಯಾಪನ್ಡ್ ಟುಮಾರೊ’ ಸಂಕಲನದಲ್ಲಿ ಅವರೂ ಸಂಜಯ ಹಾವನೂರರೂ ಇದ್ದಾರೆ. ಚರಿತ್ರೆಯ ದಾರಿಯಲ್ಲಿ ವಿಜ್ಞಾನಕ್ಕೆ ಬರಬಯಸುವವರಿಗೆ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಇದ್ದಾರೆ. ಹೊಯ್ಸಳ ಶಿಲ್ಪದ ಕೈಯಲ್ಲಿರುವ, ಮುಸುಕಿನ ಜೋಳದ ತೆನೆಯಂತೆ ಕಾಣುವ ವಸ್ತುವಿನಿಂದ ಎಳೆ ಹಿಡಿದು ಹೋಗುವ ‘ಕನಕ ಮುಸುಕು’ ಓದಿದ ಮೇಲೆ ಸೋಮನಾಥಪುರದ ಗೋಡೆಯ ಮುಂದೆ ನೀವು ಮೊದಲಿನಷ್ಟು ಬೇಗ ಮುಂದಕ್ಕೆ ಸರಿಯುವುದಿಲ್ಲ.

ಆದರೆ ನಮ್ಮವರಲ್ಲಿ ಈ ಬಗೆಯ ಬೆರಗನ್ನು ಎಲ್ಲರಿಗಿಂತ ಆಳವಾಗಿ ಕೊಟ್ಟವರು ತೇಜಸ್ವಿ ಎಂದೇ ನನ್ನ ತೀರ್ಮಾನ. ‘ಕರ್ವಾಲೊ’ವನ್ನು ವಿಜ್ಞಾನ ಕಥೆಗಳ ಕಪಾಟಿನಲ್ಲಿ ಯಾವ ಅಂಗಡಿಯವರೂ ಇಡುವುದಿಲ್ಲ. ಅದರಲ್ಲಿ ರಾಕೆಟ್ಟಿಲ್ಲ, ಭವಿಷ್ಯವಿಲ್ಲ. ಇರುವುದು ಕೋಟ್ಯಂತರ ವರ್ಷಗಳ ಕಾಲ, ಒಂದು ಹಾರುವ ಓತಿ, ಜೇನು ಹುಡುಕುತ್ತ ಅಲೆಯುವ ಮಂದಣ್ಣ, ಅವನ ಕಣ್ಣನ್ನು ನಂಬಿ ಕಾಡಿಗೆ ಹೊರಟ ಒಬ್ಬ ವಿಜ್ಞಾನಿ. ಕ್ಲಾರ್ಕ್ ನಮ್ಮನ್ನು 36,000 ಕಿಲೋಮೀಟರ್ ಮೇಲಕ್ಕೆ ಒಯ್ದು ತೋರಿಸಿದ ಕಾಲದ ಅಗಾಧತೆಯನ್ನು ತೇಜಸ್ವಿ ಮೂಡಿಗೆರೆಯ ಕಾಡಿನ ಒಂದು ಮರದ ತೊಗಟೆಯ ಮೇಲೆ ತೋರಿಸಿದರು. ಅಮ್ಮನಿಗೆ ಅದನ್ನೂ ಪೂರ್ತಿ ಓದಿ ಹೇಳಿದ್ದೇನೆ. ನಮ್ಮ ತೋಟದ ಅಡಕೆ ಮರದ ಮೇಲೆ ಓತಿ ಕಂಡಾಗಲೆಲ್ಲ ಅವಳೀಗ ನಿಂತು ನೋಡುತ್ತಾಳೆ.

ಈ ಮಳೆಗಾಲದಲ್ಲಿ ಕರೆಂಟು ಹೋದ ಒಂದು ಸಂಜೆ ನಿಮ್ಮ ಮನೆಯ ಹಿರಿಯರನ್ನೋ ಮಕ್ಕಳನ್ನೋ ಹತ್ತಿರ ಕೂರಿಸಿಕೊಂಡು ಇವುಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿ ಹೇಳಿ. ಇಂಗ್ಲಿಷ್ ಕಥೆಯಾದರೆ ಬಾಯಿಗೆ ಬಂದ ಕನ್ನಡದಲ್ಲಿ ಹೇಳಿ, ಅಷ್ಟು ಸಾಕು. ಎಲ್ಲಿಂದ ಶುರುಮಾಡಲಿ ಎಂದು ಇನ್ನೂ ಅನುಮಾನವಿದ್ದರೆ ಕಪಾಟಿನಲ್ಲಿ ‘ಕರ್ವಾಲೊ’ ಇದೆಯೇ ನೋಡಿ, ಅದರಿಂದಲೇ ಆಗಲಿ.